ಒಂದೇ ಹುಂಜ, ಮೂರು ಹರಕೆ

ಸುಗ್ಗಿಯ ಬಿಸಿಲು ಏರುತ್ತಿತ್ತು. ಹಳಿಯಾಳದ ಕಾಡಂಚಿನ ಸಿದ್ದಿ ಕೇರಿಯಲ್ಲಿ ಕಾಯತಾನ ಭತ್ತದ ಸಿವುಡನ್ನು ಹಲಗೆಗೆ ಬಡಿಯುತ್ತಿದ್ದ. ಕಣ್ಣು ಮಾತ್ರ ಕಣದಲ್ಲಿ ಕಾಳು ಹೆಕ್ಕುತ್ತಿದ್ದ ಕೆಂಪು ಹುಂಜದ ಮೇಲೆ. ಹೊಸ ಅಕ್ಕಿಯ ಅನ್ನಕ್ಕೆ ಇವತ್ತು ಅದರದೇ ಸಾರು ಎಂದು ಬೆಳಿಗ್ಗೆಯೇ ಗಟ್ಟಿ ಮಾಡಿಕೊಂಡಿದ್ದ.

ಹುಂಜವನ್ನು ಹಿಡಿದು ಕಂಕುಳಿಗೆ ಸಿಕ್ಕಿಸುವಷ್ಟರಲ್ಲಿ, ದರ್ಗಾದಲ್ಲಿ ದೀಪ ಹಚ್ಚುವ, ಅದೇ ಕೇರಿಯ ಸಿದ್ದಿ ಫಯಾಜ ಬೇಲಿಯಾಚೆ ನಿಂತ.

"ಕಾಯತಾನಣ್ಣಾ, ಅದು ಪೀರ್‌ಸಾಹೇಬರ ಹುಂಜ ಅಲ್ಲೇನು? ಮಳಿಗಾಲದಾಗ ಎಮ್ಮಿ ಕಾಡಿನಾಗ ಕಳದಾಗ ನನ್ನ ಮುಂದನ ಹರಕಿ ಹೊತ್ತಿ. ಎಮ್ಮಿ ಬಂತಿಲ್ಲೋ?"

ಪಕ್ಕದ ಮನೆಯ ಮಾಲವ್ವ ಮೊರ ಕೆಳಗಿಟ್ಟಳು. "ಪೀರಂದು ಹೆಂಗಾತು? ನಮ್ಮ ಹಿರೇರ ಕಲ್ಲಿಗೆ ಕಾಯಿ ಇಟ್ಟು, ಇದ ಹುಂಜ ಕೊಡ್ತೇನಂದಾನ!"

ಹೆಂಡತಿ ಲೂಸಿ ಸೌಟು ಹಿಡಿದೇ ಹೊರಬಂದಳು. "ಮತ್ತ ಇಗರ್ಜಿಯೊಳಗ ಸಂತ ಅಂತೋನಿಗೆ ಮೇಣಬತ್ತಿ ಹಚ್ಚಿ ಏನಂದಿ?"

ಕಾಯತಾನ ಹುಂಜದ ಹಾಗೆಯೇ ಕತ್ತು ಹೊರಳಿಸಿ ಮೂವರನ್ನೂ ನೋಡಿದ. ಎಮ್ಮೆ ಹುಡುಕುತ್ತ ಹೋದ ದಾರಿಯಲ್ಲಿ ಮೊದಲು ಇಗರ್ಜಿ, ಹಳ್ಳದ ಬದಿಗೆ ಹಿರಿಯರ ಕಲ್ಲು, ಗುಡ್ಡದ ಮೇಲೆ ದರ್ಗಾ. ದಾರಿ ಉದ್ದವಾದಂತೆ ಹರಕೆಯೂ ಉದ್ದವಾಗಿತ್ತು. ಎಮ್ಮೆ ತಾನಾಗಿಯೇ ಮನೆಗೆ ಬಂದಾಗ, ತಂದವರು ಯಾರೆಂದು ಗೊತ್ತಿಲ್ಲದ ಮೇಲೆ ಯಾರಿಗೂ ಬಾಕಿಯಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ.

"ಎಮ್ಮಿ ಇಳದಿದ್ದು ಗುಡ್ಡದ ಕಡಿಂದ," ಎಂದ ಫಯಾಜ.

"ಮೈತುಂಬ ಹಳ್ಳದ ಕೆಸರಿತ್ತಲ್ಲೋ!" ಎಂದಳು ಮಾಲವ್ವ.

"ಅಂಗಳಕ್ಕ ಬಂದಾಗ ಇಗರ್ಜಿ ಗಂಟಿ ಹೊಡೀತಿತ್ತು," ಎಂದಳು ಲೂಸಿ.

ಗದ್ದಲ ಕೇಳಿ ಸೇರಿದ ಕೇರಿಯ ಜನ ನ್ಯಾಯ ಬಗೆಹರಿಸಲು ಕೊಟ್ಟಿಗೆಗೆ ನುಗ್ಗಿ ಎಮ್ಮೆಯ ಗೊರಸು ಎತ್ತಿ ನೋಡಿದರು. ಮಳೆಗಾಲದ ಕೆಸರು ಸುಗ್ಗಿಯ ತನಕ ಇದ್ದೀತೆ? ಎಮ್ಮೆ ಒದೆಯಿತು. ಒದೆ ಬಿದ್ದದ್ದು ಕಾಯತಾನನಿಗೆ. ಕಂಕುಳಿನಿಂದ ಜಾರಿದ ಹುಂಜ ಬಣವೆ ಏರಿತು. ಅದರ ಹಿಂದೆ ಕುಂಟುತ್ತ ಕಾಯತಾನ.

ಬಣವೆಯ ತುದಿಯಲ್ಲಿ ಹುಂಜ ಸಿಕ್ಕಿತು, ಜೊತೆಗೆ ಉಪಾಯವೂ ಹೊಳೆಯಿತು.

"ಕೇಳ್ರಿ! ಹಿರೇರ ಕಲ್ಲಿನ ಹತ್ರ ಫಯಾಜ ಬಿಸ್ಮಿಲ್ಲಾ ಅಂದು ಕೊಯ್ಯಲಿ. ಲೂಸಿ ಸಂತರ ಹೆಸರು ಹೇಳಿ ಬೇಯಿಸ್ಲಿ. ಕೇರಿ ಎಲ್ಲಾ ಕೂಡಿ ಉಣ್ಣೂಣು. ಮೂರೂ ಹರಕಿ ತೀರಿದ್ವು!"

ಫಯಾಜ ಗಡ್ಡ ಕೆರೆದುಕೊಂಡ. "ಹಿರೇರು ನಮಗೂ ಹಿರೇರ ಬಿಡು."

ಮಾಲವ್ವ ಒಪ್ಪಿ ತಲೆಯಾಡಿಸಿದಳು. ಯಾರೋ ಡಮಾಮಿ ಡೋಲು ಬಡಿದರು. ಕಾಯತಾನ ಹುಲಿ ಹಿಡಿದವನಂತೆ ಬಣವೆಯಿಂದ ಇಳಿದ.

ಸಂಜೆಗೆ ಮನೆಮನೆಯ ಹೊಸ ಅಕ್ಕಿ ಕೂಡಿ ಬೆಂದಿತು. ಸಾರಿಗೆ ಇಡೀ ಕೇರಿಗಾಗುವಷ್ಟು ನೀರು ಬಿತ್ತು. ಎಲ್ಲರಿಗೂ ಸಾರು ಬಡಿಸಿದ ಲೂಸಿ, ಗಂಡನ ಎಲೆಗೆ ಮಾತ್ರ ಮೆಣಸಿನಕಾಯಿ ಚಟ್ನಿ ಹಾಕಿದಳು.

"ಹುಂಜ ಎಲ್ಲೇ?"

"ಸಂತರಿಗೆ ಕೊಟ್ಟಿದ್ದನ್ನ ಕೊಟ್ಟಾವನ ತಿಂತಾನೇನು?"

"ನಮ್ಮಲ್ಲೂ ಹರಕಿ ಹೊತ್ತಾವ ತಿನ್ನಂಗಿಲ್ಲಣ್ಣಾ," ಎಂದ ಫಯಾಜ, ಎಲುಬು ಚೀಪುತ್ತ.

"ಹಿರೇರು ಸಿಟ್ಟಾಗ್ತಾರಪಾ," ಎಂದು ಮಾಲವ್ವ ಇನ್ನೊಂದು ತುಂಡಿಗೆ ಎಲೆ ಚಾಚಿದಳು.

ಬೆಳಿಗ್ಗೆ ಹುಂಜಕ್ಕಾಗಿ ಕಿತ್ತಾಡಿದ ಮೂವರು ಈಗ ಒಂದಾಗಿದ್ದರು. "ಕಾಯತಾನಣ್ಣನ ಬುದ್ಧಿ ಅಂದ್ರ ಬುದ್ಧಿ!" ಎಂದು ಪಂಕ್ತಿಯೆಲ್ಲ ಹೊಗಳಿತು. ಮೂರೂ ಬಾಕಿ ತೀರಿಸಿದ ಕಾಯತಾನ ಎದೆಯುಬ್ಬಿಸಿ ಕೂತು, ಚಟ್ನಿ ಅನ್ನ ಉಂಡ.