ಸುಮ್ಮನ ಕೂಡೂ ಕೆಲಸ

ಮಾತಾಡೂದ ಹುಟ್ಟುಗುಣ ಆದಾಕಿಗೆ ಸುಮ್ಮನ ಕೂಡೂ ಕೆಲಸ ಕೊಟ್ರ ಏನೇನ ಆಗ್ತದ ಅನ್ನೂದಕ್ಕ ನಾನ ಸಾಕ್ಷಿ. ಮರಾಠಿ ಸೀಮ್ಯಾಗಿರೂ ಬಿಬವೇವಾಡಿಯ ನಮ್ಮ ಓಣಿ ಹೆಣ್ಮಕ್ಕಳಿಗೆ ಒಂದು ಸಂಸ್ಥೆಯವರು ತರಬೇತಿ ಕೊಟ್ಟು, ಮನಸ್ಸು ಕುಗ್ಗಿದವರ ಮಾತು ಕೇಳಲಿಕ್ಕೆ ಕಳಸ್ತಾರ. ಡಾಕ್ಟರ್ ತನಕ ಹೋಗಲಾರದವರ ಹತ್ರ ನಾವ ಹೋಗಬೇಕು. ನಾ ಸೇರಿದಾಗಿಂದ ವಾರಕ್ಕೊಂದು ಫಜೀತಿ ತಪ್ಪಿಲ್ಲ.

೧. ತರಬೇತಿ

ಮೊದಲನೇ ಪಾಠ: ಉಪದೇಶ ಮಾಡಬಾರದು, ಬರೇ ‘ಹೂಂ’ ಅನ್ನಬೇಕು. ಕಲಸೂ ಮೇಡಂ ದುಃಖದಾಗಿದ್ದ ಸೊಸಿಯಂಗ ನಟನೆ ಮಾಡಿ, "ಅತ್ತಿ ದಿನಾ ನಾ ಮಾಡಿದ ಸಾರು ಚಲೋ ಇಲ್ಲಂತ ಹೆಸರಿಡ್ತಾಳ" ಅಂದ್ರು.

ಹಲ್ಲು ಕಚ್ಚಿ ಎರಡು ಸಲ ‘ಹೂಂ’ ಅಂದೆ. ಮೂರನೇ ಸಲ ತಡೀಲಿಲ್ಲ.

"ಹುಣಸಿಹಣ್ಣು ಜಾಸ್ತಿ ಆಗಿರಬೇಕ್ರಿ. ಸ್ವಲ್ಪ ಬೆಲ್ಲ ಹಾಕ್ರಿ."

ಮೇಡಂ ತಲಿ ಹಿಡಕೊಂಡ್ರು. ಊಟದ ಬಿಡುವಿನ್ಯಾಗ ಮೆಲ್ಲಕ ನನ್ನ ಹತ್ರ ಬಂದು, "ಬೆಲ್ಲ ಎಷ್ಟು ಹಾಕಬೇಕ್ರಿ?" ಅಂತ ಕೇಳಿದ್ರು.

೨. ಬೆಂಚು

ಹತ್ರದ ಕೊಂಢವಾ ಬಡಾವಣ್ಯಾಗ ಒಂದು ಬಿಲ್ಡಿಂಗ್ ಏಳಲಿಕ್ಕತ್ತಿತ್ತು. ಅದರ ಬಾಜೂಕ ಯಾದಗಿರಿ ಕಡೆಯಿಂದ ಬಂದ ಕೆಲಸಗಾರರ ಶೆಡ್ಡುಗಳು. ಅಲ್ಲಿ ನನಗೊಂದು ಬೆಂಚು, ‘ಮನಸ್ಸಿನ ಮಾತು ಹೇಳ್ರಿ’ ಅಂತ ಬೋರ್ಡು. ಎರಡು ವಾರ ಒಬ್ಬರೂ ಹತ್ರ ಸುಳೀಲಿಲ್ಲ.

ಕಡೀಕ ಒಬ್ಬಾಕಿ ದೂರ ನಿಂತು, ಈ ಊರ ರೂಢಿಯಂಗ ನನಗ ‘ಬಾಯಿ’ ಅಂತ ಕರದು ಹೇಳಿದ್ಳು: "ಅಲ್ಲಿ ಕೂತ್ರ ಹುಚ್ಚು ಹಿಡದದ ಅಂತಾರ್ರಿ ಬಾಯಿ. ನಿಮಗಂತೂ ಆಗಲೇ ಅಂದಬಿಟ್ಟಾರ."

ಅಯ್ಯ ಶಿವನ! ಬೋರ್ಡು ಕಿತ್ತು ಒಳಗಿಟ್ಟೆ. ಮರುವಾರ ಒಂದು ಬುಟ್ಟಿ ಶೇಂಗಾ ಒಯ್ದು ನೆಲದ ಮ್ಯಾಲ ಸುಲೀತಾ ಕೂತೆ. ಶೇಂಗಾ ಸುಲಿಯೋರನ್ನ ಕಂಡು ನಮ್ಮ ಕಡಿ ಹೆಣ್ಮಕ್ಕಳು ಹಂಗ ಮುಂದ ಹೋಗೂದುಂಟ? ಬಂದು ಕೂತ್ರು. ಕೈ ನಡೀತು, ಬಾಯಿನೂ ಬಿಚ್ಚಿತು. ನಕ್ರು, ಅತ್ರು, ಹೊಟ್ಟ್ಯಾಗಿಂದೆಲ್ಲಾ ಹೇಳಿದ್ರು.

ಮನಿಗೆ ಬಂದು ನೋಡಿದ್ರ ಬುಟ್ಯಾಗ ಬರೇ ಸಿಪ್ಪಿ.

೩. ಗೌಂಡಿ

ಅವರೊಳಗ ಒಬ್ಬಾಕಿ ಗೋಡಿ ಕಟ್ಟೂ ಗೌಂಡಿಯ ಹೆಂಡತಿ. "ಕೆಲಸದ ಜೋಡೀದಾರ ಬಿಲ್ಡಿಂಗ್ ಮ್ಯಾಲಿಂದ ಬಿದ್ದು ಸತ್ತಾಗಿಂದ ನನ್ನ ಗಂಡ ಕೆಲಸಕ್ಕ ಹೋಗವಲ್ಲ, ಉಣ್ಣವಲ್ಲ, ಯಾರ ಕೂಡನೂ ಮಾತಾಡವಲ್ಲ. ನನಗ ಭಾಳ ಅಂಜಿಕಿ ಆಗೇದ್ರಿ" ಅಂತ ಅತ್ಳು. ನನ್ನ ಹತ್ರ ಹೋಗು ಅಂತ ಆಕಿ ಅಂದ್ರ ಅಂವ, "ನನಗೇನ ಹುಚ್ಚ?" ಅಂದಿದ್ದನಂತ.

ನಮ್ಮ ಅಡಗಿಮನಿ ಗೋಡಿಯ ಸಿಮೆಂಟ್ ಗಿಲಾವು ಉದರಿತ್ತು. "ಅದನ್ನರೆ ನೋಡಲಿಕ್ಕೆ ಬರಲಿ. ನೆಲದ ಮ್ಯಾಲ ನಿಂತ ಮಾಡೂ ಕೆಲಸ" ಅಂದೆ. ಐತವಾರ ಬಂದ. ಅಂವ ಗೋಡಿ ಕೆರೀತಾನ, ನಾ ಚಾ ಇಟ್ಟು ಸುಮ್ಮನ ಕೂಡ್ತೀನಿ. ಎರಡು ಐತವಾರ ಹಿಂಗ ಹೋತು. ನನ್ನ ನಾಲಿಗಿ ಪಟ್ಟ ಪಾಡು ನನಗ ಗೊತ್ತು.

ಮೂರನೇ ಐತವಾರ ಅಂವ ಗಿಲಾವು ಹಚ್ಚೂ ಥಾಪಿ ಕೆಳಗಿಟ್ಟ.

"ಆವತ್ತ ನಾ ಹತ್ತಬೇಕಾಗಿತ್ರಿ. ನನಗ ಜ್ವರ ಬಂದಿತ್ತು. ‘ನೀ ಕೂಡು, ನಾ ಹೋಗತೀನಿ’ ಅಂದು ಅಂವ ಹತ್ತಿದ."

ಗೋಡಿಗೆ ಹಣಿ ಹಚ್ಚಿ ಅತ್ತ. ನನ್ನ ಬಾಯಾಗ ನೂರು ಮಾತು ಬಂದ್ವು. ಎಲ್ಲಾ ನುಂಗಿ ‘ಹೂಂ’ ಅಂದೆ. ನನ್ನ ಕಣ್ಣೂ ತುಂಬಿದ್ವು.

ಗೋಡಿ ಮುಗೀತು, ಅಂವ ಬರೂದು ಮುಗೀಲಿಲ್ಲ. ಪ್ರತಿ ಐತವಾರ ಬಂದು ಜೋಡೀದಾರನ ಸುದ್ದಿ ಹೇಳ್ತಿದ್ದ. ಉಣ್ಣಲಿಕ್ಕತ್ತಿದ, ಕೆಳಗಿನ ಕೆಲಸಕ್ಕರೆ ಹೋಗಲಿಕ್ಕತ್ತಿದ. ನನಗ ಹೆಮ್ಮಿ ತಡೀಲಾರದ ಅವನ ಹೆಂಡತಿಗೆ, "ನೋಡವಾ, ತಾನಾಗೇ ಮಾತಾಡಲಿಕ್ಕೆ ಬರ್ತಾನ!" ಅಂದೆ.

ಆಕಿ ನಗಿ ತಡೀಲಿಕ್ಕೆ ಸೆರಗು ಬಾಯಿಗೆ ಹಿಡದ್ಳು. "ಸಿಟ್ಟ ಮಾಡಕೋಬ್ಯಾಡ್ರಿ ಬಾಯಿ. ಅಂವ ಅಂತಾನ, ‘ಪಾಪ, ಆ ಬಾಯಿಗೆ ಏನೋ ದೊಡ್ಡ ದುಃಖ ಅದ. ಹೂಂ ಬಿಟ್ರ ಒಂದು ಮಾತು ಬರೂದಿಲ್ಲ. ಆಕಿ ಸುಧಾರಿಸೂ ತನಕ ಹೋಗತೀನಿ’ ಅಂತ."

ಮುಂದಿನ ಐತವಾರ ಬಾಗಲಾ ತಗದಾಂವ ನನ್ನ ಗಂಡ. ಗೌಂಡಿ ದನಿ ಇಳಿಸಿ, "ಬಾಯಿ ಈಗ ಹ್ಯಾಂಗದಾರ್ರಿ?" ಅಂತ ಕೇಳಿದ.

ಮೂವತ್ತು ವರ್ಷದಿಂದ ನನ್ನ ಮಾತು ಕೇಳಿ ದಣದ ನನ್ನ ಗಂಡ ಅವನ ಎರಡೂ ಕೈ ಹಿಡಕೊಂಡ.

"ನೀವು ಬಂದಾಗಷ್ಟ ಸುಮ್ಮನಿರ್ತಾಳ್ರಿ. ದಿನಾ ಬರ್ರಿ."