ಪದ್ಮತ್ತೆ ಕಾದ ಮದ್ದು

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಕ್ರಮೇಣ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಕೆಲಸ ಎಲ್ಲಿಯವರೆಗೆ ಬಂತು ಎಂದು ಯಾರು ಕೇಳಿದರೂ, "ಇನ್ನೊಂದೆರಡು ವರ್ಷ" ಎನ್ನುತ್ತೇವೆ. ವಾರ್ಷಿಕ ವರದಿಯಲ್ಲಿ ಹಾಗೆ ಬರೆದರೆ ಯಾರಿಗೂ ಹಾನಿಯಿಲ್ಲ. ಓದುವವರು ಅದನ್ನು ಎಷ್ಟು ನಂಬಬೇಕೋ ಅಷ್ಟೇ ನಂಬುತ್ತಾರೆ. ನಾನು ಮಾಡಿದ ತಪ್ಪೆಂದರೆ ಅದನ್ನು ಮನೆಯಲ್ಲೂ ಹೇಳಿದ್ದು. ಮನೆಯಲ್ಲಿ ಅದನ್ನು ಪೂರ್ತಿ ನಂಬುವವರೊಬ್ಬರಿದ್ದರು.

ಅವರು ನನ್ನ ಸೋದರತ್ತೆ ಪದ್ಮತ್ತೆ. ಪುತ್ತಿಗೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ನಾನು ಮಿಜಾರಿನ ಒಂದು ಕಾಲೇಜಿನಲ್ಲಿ ಕಣ್ಣಿನ ಪೊರೆಯ ಬಗ್ಗೆ ಸಂಶೋಧನೆ ಮಾಡುತ್ತೇನೆ. ನಾವು ಉಸಿರಾಡುವ ಆಮ್ಲಜನಕವೇ ಮೈಯನ್ನು ಒಳಗಿನಿಂದ ಸ್ವಲ್ಪ ಸ್ವಲ್ಪ ಹಾಳು ಮಾಡುತ್ತಾ ಹೋಗುತ್ತದೆ. ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತೇವೆ. ಅದರ ಏಟು ತಿಂದು ತಿಂದು ಕಣ್ಣಿನ ಮಸೂರ ಮಂಜಾಗುತ್ತದೆ. ಇದನ್ನು ನೋಡಲು ಆಡಿನ ಕಣ್ಣುಗಳು ಬೇಕು. ವಾರಕ್ಕೊಮ್ಮೆ ಐಸ್ ಡಬ್ಬಿ ಹಿಡಿದು ಫರಂಗಿಪೇಟೆಯ ಮಾಂಸದಂಗಡಿಗೆ ಹೋಗುತ್ತೇನೆ. "ಸಾರ್, ಎಲ್ಲರೂ ತೊಡೆ ಕೇಳ್ತಾರೆ. ಕಣ್ಣು ಕೇಳುವ ಗಿರಾಕಿ ನೀವೊಬ್ಬರೇ" ಎಂದು ಅಂಗಡಿಯವರು ನಗುತ್ತಾರೆ. ನಾವು ಜೈನರು. ಇರುವೆ ಸಾಲು ಕಂಡರೆ ಪದ್ಮತ್ತೆ ಸುತ್ತಿ ಬಳಸಿ ಹೋಗುವವರು. ಡಬ್ಬಿಯಲ್ಲಿ ಎಂತ ಉಂಟು ಎಂದು ಅವರು ಕೇಳಿದಾಗ "ಸ್ಯಾಂಪಲ್" ಎಂದಿದ್ದೆ.

ಆ ಕಣ್ಣುಗಳ ತಿಳಿಯಾದ ಮಸೂರಕ್ಕೆ ಅದೇ ಏಟು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಒಂದೇ ದಿನದಲ್ಲಿ ಮಂಜಾಗುತ್ತದೆ. ಪೊರೆಗೆ ಮದ್ದಾಗಲೆಂದು ನಾವು ತಯಾರಿಸುತ್ತಿರುವ ದ್ರಾವಣವನ್ನೂ ಸೇರಿಸಿದರೆ ಕೆಲವೊಮ್ಮೆ ಸ್ವಲ್ಪ ನಿಧಾನವಾಗಿ ಮಂಜಾಗುತ್ತದೆ. ಒಮ್ಮೆ ಮಂಜಾದದ್ದು ಮತ್ತೆ ತಿಳಿಯಾದದ್ದನ್ನು ನಾನು ಈವರೆಗೆ ಒಂದು ಸಲವೂ ನೋಡಿಲ್ಲ. ಈ ಕೊನೆಯ ವಾಕ್ಯವನ್ನು ಮನೆಯಲ್ಲಿ ಹೇಳಿರಲಿಲ್ಲ.

ಪದ್ಮತ್ತೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು, ಎಡಗಣ್ಣಿಗೆ ಹೆಚ್ಚು. ಕ್ಯಾರೆಟ್ ತಿನ್ನಿ ಎಂದು ಯಾರೋ ಹೇಳಿದ್ದಕ್ಕೆ, "ನೆಲದೊಳಗಿನದ್ದು ನಾವು ತಿನ್ನುದಿಲ್ಲ" ಎಂದರು. ಪಕ್ಕದ ಮನೆಯ ಗುಲಾಬಿಯಕ್ಕ ಬೆಳ್ತಂಗಡಿಯ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದು, "ನೀವೂ ಹೋಗಿ ಪದ್ಮಕ್ಕ, ಇರುವೆ ಕಚ್ಚಿದಷ್ಟೂ ನೋವಿಲ್ಲ" ಎಂದರು. ಅತ್ತೆ ಗತ್ತಿನಿಂದ, "ನಮಗೆ ಎಂತಕ್ಕೆ ಶಿಬಿರ? ಮದ್ದು ಮಾಡುವವ ಮನೆಯಲ್ಲೇ ಇದ್ದಾನಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಎಷ್ಟು ದಿನ ಮಗಾ?" ಎಂದು ಕೇಳಿದರು. ನಾನು ವರದಿಯ ಉತ್ತರವನ್ನೇ ಕೊಟ್ಟೆ. ನಡುವೆ ಒಮ್ಮೊಮ್ಮೆ, "ಆಪರೇಷನ್ ಮಾಡಿಸಿದರೂ ಆಗ್ತದೆ ಅತ್ತೆ" ಎಂದದ್ದು ನಿಜ. ಆದರೆ ಎಷ್ಟು ಮೆಲ್ಲಗೆ ಎಂದೆನೆಂದರೆ ಅದು ನನಗೇ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ನಂಬುವವರು ಸಿಕ್ಕಿದ್ದು ಖುಷಿಯಾಗಿತ್ತು. ಲ್ಯಾಬಿನಲ್ಲಿ ಆ ಭಾಗ್ಯ ಇರಲಿಲ್ಲ.

ಹೀಗೆ ಆರು ವರ್ಷ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಅತ್ತೆ ತಲೆ ಹಿಡಿದುಕೊಂಡು ವಾಂತಿ ಮಾಡಿದರು. ಎಡಗಣ್ಣು ಕೆಂಪಾಗಿತ್ತು. "ಪಿತ್ತ ಕೆದರಿದೆ" ಎಂದು ನಾನೇ ನಿರ್ಧರಿಸಿದೆ. ಕಣ್ಣಿನ ಬಗ್ಗೆ ಪಿಎಚ್‌ಡಿ ಮಾಡಿದ ನಾನು ಎರಡು ದಿನ ಅವರಿಗೆ ಜೀರಿಗೆ ಕಷಾಯ ಕುಡಿಸಿದೆ. ಮೂರನೆಯ ದಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಪೊರೆ ಬಲಿತು ಊದಿಕೊಂಡಿದೆ, ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಯ ನರ ಸತ್ತಿದೆ ಎಂದರು. "ಇಷ್ಟು ವರ್ಷ ಎಂತ ಮಾಡ್ತಿದ್ರಿ ಅಜ್ಜಿ?"

"ಮದ್ದಿಗೆ ಕಾಯ್ತಾ ಇದ್ದೆವು."

"ಯಾವ ಮದ್ದಿಗೆ?"

ಅತ್ತೆ ನನ್ನ ಕಡೆ ಕೈ ತೋರಿಸಿದರು. ಆ ಬೆರಳಿನಲ್ಲಿ ದೂರು ಇರಲಿಲ್ಲ, ಹೆಮ್ಮೆ ಇತ್ತು. ನಾನು ಗೋಡೆಗೆ ತೂಗುಹಾಕಿದ್ದ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಎಲ್ಲವನ್ನೂ ಓದಿದೆ.

ಎಡಗಣ್ಣಿಗೆ ದೃಷ್ಟಿ ಮರಳಲಿಲ್ಲ. ಉಳಿದದ್ದು ಬಲಗಣ್ಣು. ಮನೆಗೆ ಬಂದ ಮೇಲೆ ಆಡಿನ ಕಣ್ಣಿನ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. "ನನ್ನ ಮದ್ದು ನಿಮ್ಮ ಕಾಲಕ್ಕೆ ಬರುದಿಲ್ಲ ಅತ್ತೆ. ಆಪರೇಷನ್ ಮಾಡಿಸುವ."

"ನನಗೆ ಸಂಶಯ ಇತ್ತು ಮಾರಾಯ" ಎಂದರು ಅತ್ತೆ. "ಆದರೆ ನಾನೇ ಹೋಗಿ ಕೊಯ್ಸಿಕೊಂಡರೆ ಊರವರು ನಿನ್ನನ್ನು ಎಂತ ಹೇಳಿಯಾರು?"

ಆಡುಗಳ ಬಗ್ಗೆ ಆ ದಿನ ಏನೂ ಹೇಳಲಿಲ್ಲ. ಮರುದಿನ ಮಾತ್ರ ಊಟ ಬಿಟ್ಟು ಉಪವಾಸ ಮಾಡಿದರು. ಯಾರ ಪಾಪಕ್ಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಮೊನ್ನೆ ತಪಾಸಣೆಗೆ ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಪಕ್ಕ ಬಂಟ್ವಾಳದ ಒಬ್ಬ ಹಿರಿಯರು ಕೂತಿದ್ದರು. ಮಾತಿಗೆ ಮಾತು ಬಂದು ನನ್ನ ಕೆಲಸ ತಿಳಿದದ್ದೇ ಅವರ ಮುಖ ಅರಳಿತು. "ಹಾಗಾದರೆ ಕೊಯ್ಯದೆ ಗುಣ ಆಗುವ ಮದ್ದು ಬರ್ತದಾ ಸಾರ್? ನಾನು ಬೇಕಾದರೆ ಕಾಯ್ತೇನೆ."

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಪದ್ಮತ್ತೆ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಸರಿಸಿ, ಮುಂದೆ ಬಾಗಿದರು.

"ಇವ ಒಳ್ಳೆಯ ಹುಡುಗ. ಆದರೆ ಕಣ್ಣಿನ ವಿಷಯ ಇವನ ಹತ್ತಿರ ಕೇಳಬೇಡಿ. ಸೀದಾ ಒಳಗೆ ಹೋಗಿ."

ಆ ಹಿರಿಯರು ಸಂಶಯದಿಂದ ನನ್ನನ್ನು ನೋಡಿದರು. ಅತ್ತೆ ಹೇಳಿದ್ದು ಸರಿ ಎಂದು ತಲೆಯಾಡಿಸಿದೆ. ಕಣ್ಣಿನ ವಿಷಯದಲ್ಲಿ ನಾನು ಒಬ್ಬರಿಗೆ ಉಪಕಾರ ಮಾಡಿದ್ದು ಅದೇ ಮೊದಲು.