ನಮ್ಮ ಗರಾಜಿಗೆ ಯುರೋಪು ಬಂದ ಬೇಸಿಗೆ

ನಮ್ಮ ಅತ್ತೆಗೆ ಪರೀಕ್ಷೆ ಎಂದರೆ ಬಾಯಲ್ಲಿ ನೀರೂರುತ್ತದೆ. ನಿಜವಾಗಿ! ಬೇರೆಯವರಿಗೆ ಮದುವೆಯ ಕರೆಯೋಲೆ ಬಂದರೆ ಹೇಗೋ, ಅವರಿಗೆ ಹಾಲ್ ಟಿಕೆಟ್ ಬಂದರೆ ಹಾಗೆ. ಅತ್ತೆ ಎಂದಕೂಡಲೇ ಗಂಡನ ತಾಯಿ ಎಂದುಕೊಂಡು ಕಿವಿ ನಿಮಿರಿಸಬೇಡಿ. ಇವರು ನಮ್ಮಪ್ಪನ ತಂಗಿ, ಧಾರವಾಡದವರು. ನಾನು ಕರೆಯುವುದು ಅತ್ಯಾ ಎಂದು. ಹುಬ್ಬಳ್ಳಿಯಲ್ಲಿ ಟಪಾಲು ವಿಂಗಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಲು ಪುರುಸೊತ್ತಾಗಲಿಲ್ಲ, ಏಕೆಂದರೆ ಪ್ರತಿ ವರ್ಷವೂ ಒಂದಲ್ಲ ಒಂದು ಪರೀಕ್ಷೆ ಇದ್ದೇ ಇರುತ್ತಿತ್ತು. ಹಿಂದಿ ಪರೀಕ್ಷೆಗಳನ್ನೆಲ್ಲ ಮುಗಿಸಿದರು. ಬೆರಳಚ್ಚು, ಶೀಘ್ರಲಿಪಿ, ಪ್ರಥಮ ಚಿಕಿತ್ಸೆ ಎಲ್ಲ ಆಯಿತು. ಪಕ್ಕದ ಮನೆಯವರು ಜೇನು ಸಾಕಣೆಯ ಅಂಚೆ ಶಿಕ್ಷಣಕ್ಕೆ ಸೇರಿ ಓದದೆ ಬಿಟ್ಟಾಗ, ಆ ಪುಸ್ತಕಗಳನ್ನು ಎತ್ತಿಕೊಂಡು ಬಂದು ತಾವೇ ಓದಿ ಮುಗಿಸಿದರು. ಜೀವಮಾನದಲ್ಲಿ ಒಂದೇ ಒಂದು ಜೇನುಹುಳುವನ್ನೂ ಸಾಕಿದವರಲ್ಲ!

ಇಂಥವರು ಕಡಲಾಚೆಯ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಗೆ ಬೇಸಿಗೆ ಕಳೆಯಲು ಬಂದರು. ಬಂದ ಮರುದಿನವೇ ಊಟದ ಮೇಜಿನ ಮೇಲಿದ್ದ ಒಂದು ದಪ್ಪ ಪುಸ್ತಕ ಅವರ ಕಣ್ಣಿಗೆ ಬಿತ್ತು.

ಅದು ನನ್ನ ಮಗಳು ನಿಧಿಯದು. ಸೆಪ್ಟೆಂಬರಿನಲ್ಲಿ ಹತ್ತನೇ ತರಗತಿಗೆ ಹೋಗುವವಳು. ಅಲ್ಲಿ ಅವಳು ಯುರೋಪಿನ ಇತಿಹಾಸವನ್ನು ಕಾಲೇಜಿನ ಮಟ್ಟದಲ್ಲಿ ಓದಬೇಕಿತ್ತು. ಅವಳಿಗೆ ಆಸೆಯಿತ್ತು ಅಂತಲ್ಲ. ಪರಿಚಯದ ನಾಲ್ಕು ಮನೆಯ ಮಕ್ಕಳು ತೆಗೆದುಕೊಂಡಿದ್ದಾರೆ ಎಂದು ತಿಳಿದು ನಾನೇ ಅರ್ಜಿಯಲ್ಲಿ ಟಿಕ್ ಹಾಕಿಸಿದ್ದೆ. ಟೀಚರ್ ರಜೆಗೆಂದು ಏಳು ಅಧ್ಯಾಯಗಳನ್ನು ಕೊಟ್ಟಿದ್ದರು. ಓದಿ, ಕೈಯಲ್ಲೇ ಟಿಪ್ಪಣಿ ಬರೆದು, ಶಾಲೆ ಶುರುವಾದ ದಿನ ಒಪ್ಪಿಸಬೇಕು. ಅದೇ ದಿನ ಒಂದು ಕ್ವಿಜ್ ಬೇರೆ!

"ಇದು ಯಾರ ಪರೀಕ್ಷಾ?" ಅತ್ತೆ ಪುಸ್ತಕದ ಮೇಲೆ ಕೈಯಾಡಿಸುತ್ತ ಕೇಳಿದರು. ಹಸುಗೂಸಿನ ತಲೆ ಸವರಿದ ಹಾಗಿತ್ತು.

"ನಿಧಿದು. ಖರೇ ಪರೀಕ್ಷಾ ಬರೋ ಮೇದಾಗ, ಅತ್ಯಾ."

"ಹಂಗಾರ ದಿನಾನಽ ಇಲ್ಲಲ್ಲಽ!"

ಮರುದಿನ ಬೆಳಿಗ್ಗೆ ಆರಕ್ಕೆ ನಿಧಿಯ ಹೊದಿಕೆ ಹಾರಿತು. ಅವಳು ಕೆಂಗಣ್ಣು ಬಿಟ್ಟುಕೊಂಡು ನನ್ನ ಹತ್ತಿರ ಓಡಿ ಬಂದಳು. "ಅಮ್ಮಾ! ಅಜ್ಜಿ ವೋಕ್ ಮಿ ಅಪ್ ಫಾರ್ ದ ರಿಫಾರ್ಮೇಶನ್!" ಯುರೋಪಿನ ಚರ್ಚು ಒಡೆದ ಕಾಲದ ಪಾಠಕ್ಕೆಂದು ಅವಳನ್ನು ಎಬ್ಬಿಸಿದ್ದರು.

ಮನೆಯೊಳಗೆ ಏಸಿಯ ಗಾಳಿಗೆ ತಲೆ ಮಂಕಾಗುತ್ತದೆ ಎಂದು ಅತ್ತೆ ಗರಾಜನ್ನು ಆರಿಸಿಕೊಂಡರು. ಬಾಗಿಲು ಪೂರ್ತಿ ಮೇಲಕ್ಕೆತ್ತಿ, ನಡುವೆ ಎರಡು ಮಡಿಚುವ ಕುರ್ಚಿ ಹಾಕಿ, ಒಂದರಲ್ಲಿ ತಾವು, ಇನ್ನೊಂದರಲ್ಲಿ ಆಕಳಿಸುವ ನಿಧಿ. ಗೋಡೆಗೆ ಖಾಲಿ ಸೀರಿಯಲ್ ಡಬ್ಬಿಗಳನ್ನು ಕತ್ತರಿಸಿ ಅಂಟಿಸಿದರು. ಒಂದೊಂದು ಡಬ್ಬಿ ಒಂದೊಂದು ದೇಶ. ರಾಜರ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಟಪಾಲು ವಿಂಗಡಿಸುವ ಹಾಗೆ ಸರಸರನೆ ಆಯಾ ಡಬ್ಬಿಗೆ ಎಸೆಯುವುದು! ಫ್ರಾನ್ಸಿನ ಡಬ್ಬಿಗೆ ಬಂದಾಗ ಮಾತ್ರ ಕೆಲಸ ನಿಂತಿತು.

"ಏನ ಮಂದಿ ಇವರು! ಅಪ್ಪಗೂ ಅದಽ ಹೆಸರು, ಮಗಗೂ ಅದಽ ಹೆಸರು, ಮೊಮ್ಮಗಗೂ ಅದಽ. ಹದಿನೆಂಟು ಮಂದಿಗೆ ಒಂದಽ ಹೆಸರಾ? ಇಂಥಾ ಮನಿಗೆ ಟಪಾಲು ಬಂದ್ರ ಯಾರ ಕೈಯಾಗ ಕೊಡಬೇಕು?"

ಗಟ್ಟಿಯಾಗಿ ಓದದಿದ್ದರೆ ತಲೆಗೆ ಹೋಗುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಹಾಗಾಗಿ ಇಂಗ್ಲಿಷನ್ನು ಧಾರವಾಡದ ರಾಗದಲ್ಲಿ, ಇಡೀ ಬೀದಿಗೆ ಕೇಳುವಂತೆ ಓದುತ್ತಿದ್ದರು. ನಾಯಿ ಅಡ್ಡಾಡಿಸುವವರು ನಿಂತು ನೋಡುತ್ತಿದ್ದರು. ನಾಯಿಗಳೂ ನೋಡುತ್ತಿದ್ದವು. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಒಂದು ಶನಿವಾರ ನಾನು ತರಕಾರಿ ತೆಗೆದುಕೊಂಡು ಬರುವಾಗ ಡ್ರೈವ್‌ವೇಯಲ್ಲಿ ಯಾರದೋ ಟ್ರಕ್ಕು ನಿಂತಿತ್ತು. ಗರಾಜಿನಲ್ಲಿ ನಿಧಿಯ ಕುರ್ಚಿಯ ಮೇಲೆ ಟೋಪಿ ಹಾಕಿದ ಬಿಳಿ ಮುದುಕರೊಬ್ಬರು ಕೂತಿದ್ದರು. ಎದುರಿಗೆ ನಮ್ಮ ಅತ್ತೆ, ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು, ಕೈಯಲ್ಲಿ ಅಡಿಪಟ್ಟಿ ಹಿಡಿದು ನಿಂತಿದ್ದರು. ನಾನೇನು ಮಾಡಿದೆ ಗೊತ್ತೇ? ಮನೆ ನನ್ನದಲ್ಲ ಎನ್ನುವಂತೆ ಕಾರು ನಿಲ್ಲಿಸದೆ ಮುಂದಕ್ಕೆ ಹೋದೆ! ಮೂರು ಸುತ್ತು ಹಾಕಿದೆ. ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಬಾಡಿತು. ಟ್ರಕ್ಕು ಹೋದ ಮೇಲೆಯೇ ಒಳಗೆ ಬಂದೆ.

ಆ ಮನುಷ್ಯರು ತೆರೆದ ಗರಾಜನ್ನು ಕಂಡು ಹಳೆ ಸಾಮಾನು ಮಾರಾಟಕ್ಕಿದೆ ಎಂದು ಭಾವಿಸಿ ಇಳಿದಿದ್ದರಂತೆ. ಮೂಲೆಯಲ್ಲಿದ್ದ ನಮ್ಮ ಹಳೆಯ ದೀಪದ ಕಂಬಕ್ಕೆಷ್ಟು ಎಂದು ಕೇಳಿದ್ದಾರೆ. ಅತ್ತೆ ಅದಕ್ಕುತ್ತರವಾಗಿ, ನಿಮ್ಮ ಹಿರಿಯರು ಯಾವ ದೇಶದವರು ಎಂದು ಕೇಳಿದ್ದಾರೆ. ಪೋಲೆಂಡ್ ಎಂದರಂತೆ ಪಾಪ. ಮುಗಿಯಿತು! "ಮಗ್ಗಲ ದೇಶದ ಮೂರು ಮಂದಿ ಕೂಡಿ ಮೂರು ಸಲ ಹರಕೊಂಡು ತಿಂದ್ರವಾ ಅವರ ದೇಶಾನ. ಅವರಿಗಽ ಗೊತ್ತಿರಲಿಲ್ಲ! ಕೂಡಿಸಿ ಎಲ್ಲಾ ಹೇಳಿದೆ. ಕಣ್ಣಾಗ ನೀರು ತಗದ್ರು." ಹೋಗುವಾಗ ಅವರು ದೀಪದ ಕಂಬವನ್ನು ಮರೆತೇ ಹೋಗಿದ್ದರು.

ಇನ್ನೊಮ್ಮೆ ಇಂಡಿಯನ್ ಅಂಗಡಿಯಲ್ಲಿ. ನಾನು ಬೆಂಡೆಕಾಯಿ ಆರಿಸುತ್ತಿದ್ದೆ. ಅತ್ತೆ ಬೇಳೆಗಳ ಸಾಲಿನಲ್ಲಿ ನಿಂತು ಧಾರವಾಡದ ಗೆಳತಿಗೆ ಫೋನಿನಲ್ಲಿ ಆ ವಾರದ ಅಧ್ಯಾಯವನ್ನು ಒಪ್ಪಿಸುತ್ತಿದ್ದರು. "ಆರು ಲಗ್ನ ಆದಾ ಅಂತೀನಿ! ಇಬ್ಬರನ್ನ ಬಿಟ್ಟ, ಇಬ್ಬರದು ತಲೀನಽ ಹಾರಿಸಿದ, ಒಬ್ಬಾಕಿ ಹಡದು ಸತ್ಲು. ಕಡೀದಾಕಿ ಹೆಂಗೋ ಉಳಕೊಂಡ್ಲು ನೋಡವಾ."

ತೊಗರಿಬೇಳೆಯ ಚೀಲ ಹಿಡಿದಿದ್ದ ಒಬ್ಬ ಹೆಂಗಸು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು. "ನಾನೂ ಕನ್ನಡದವಳೇ ರೀ. ಕ್ಷಮಿಸಿ, ಕಿವಿಗೆ ಬಿತ್ತು. ನಿಮ್ಮ ಕಡೆ ಸಂಬಂಧಾನಾ? ಪೊಲೀಸ್ ಕಂಪ್ಲೇಂಟ್ ಕೊಟ್ರಾ?"

ಅವನು ಇಂಗ್ಲೆಂಡಿನ ರಾಜ, ಸತ್ತು ಶತಮಾನಗಳಾದವು ಎಂದು ನಾನು ವಿವರಿಸಬಹುದಿತ್ತು. ವಿವರಿಸಲಿಲ್ಲ. "ನನಗೆ ಗೊತ್ತಿಲ್ಲ, ಅವರು ಯಾರೋ" ಎಂದುಬಿಟ್ಟೆ! ಅಷ್ಟರಲ್ಲಿ ಅತ್ತೆ ಅಲ್ಲಿಂದಲೇ ನನ್ನ ಹೆಸರು ಹಿಡಿದು, "ಬದನೀಕಾಯಿ ತಗೊಂಡಿಯೇನು?" ಎಂದು ಕೂಗಿದರು. ಆ ಹೆಂಗಸು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಇಷ್ಟು ಹೇಳಿದವಳು ಮುಂದಿನದನ್ನೂ ಹೇಳಲೇಬೇಕು. ಹೇಳಲು ಮನಸ್ಸಿಲ್ಲ.

ಜುಲೈ ಕೊನೆಯಲ್ಲಿ ಹತ್ತಿರದ ಬಾಸ್ಕಿಂಗ್ ರಿಡ್ಜ್‌ನಲ್ಲಿರುವ ನನ್ನ ಗೆಳತಿಯ ಮನೆಯಲ್ಲಿ ಊಟವಿತ್ತು. ದೊಡ್ಡ ಮನೆ, ಹಿಂದೆ ಈಜುಕೊಳ. ಬಂದವರೆಲ್ಲ ದೊಡ್ಡ ದೊಡ್ಡ ಹುದ್ದೆಯವರು. ಹೆಚ್ಚಿನವರು ಮೈಸೂರು, ಬೆಂಗಳೂರು ಕಡೆಯವರು. ಮೈಸೂರಿನ ಗಂಡನ ಜೊತೆ ಇಪ್ಪತ್ತು ವರ್ಷ ಬಾಳಿ ನನ್ನ ಧಾರವಾಡದ ಮಾತಿಗೂ ಚೆನ್ನಾಗಿ ಇಸ್ತ್ರಿ ಬಿದ್ದಿದೆ. ಅಲ್ಲಿ ನಾನು ಬಾಯಿ ಬಿಟ್ಟರೆ ಯಾರಿಗೂ ನನ್ನ ಊರು ಗೊತ್ತಾಗುವುದಿಲ್ಲ. ಅದೊಂದು ಸಾಧನೆ ಎಂದೇ ತಿಳಿದಿದ್ದೆ.

"ಇಡೀ ದಿನ ಮನೇಲಿ ಬೋರ್ ಆಗಲ್ವಾ ಆಂಟಿ?" ಎಂದು ಯಾರೋ ಅತ್ತೆಯನ್ನು ಕೇಳಿದರು.

"ಬ್ಯಾಸರಾ? ಮೂವತ್ತು ವರ್ಷದ ಯುದ್ಧ ನಡದದ! ಈ ವಾರ ಸ್ವೀಡನ್ನಿನವರು ಬಂದಾರ."

ಎಲ್ಲರೂ ನಕ್ಕರು. ಆಗಷ್ಟೇ ಯುರೋಪ್ ಪ್ರವಾಸ ಮುಗಿಸಿ ಬಂದ ಡಾಕ್ಟರರೊಬ್ಬರು ದೊಡ್ಡ ಟೀವಿಯಲ್ಲಿ ಫೋಟೋ ತೋರಿಸುತ್ತಿದ್ದರು. ಅತ್ತೆ ಟೀವಿಯ ಮುಂದೆಯೇ ಹೋಗಿ ನಿಂತು, ಆ ಅರಮನೆಯನ್ನು ಯಾವ ರಾಜ ಕಟ್ಟಿಸಿದ, ಈ ಸೇತುವೆಯ ಮೇಲೆ ಯಾವ ದಂಡು ದಾಟಿತು ಎಂದು ಒಂದೊಂದಾಗಿ ಕೇಳತೊಡಗಿದರು. ಡಾಕ್ಟರರಿಗೆ ಗೊತ್ತಿದ್ದದ್ದು ಚಾಕೊಲೇಟ್ ಫ್ಯಾಕ್ಟರಿ ಒಂದೇ. "ಅಷ್ಟು ದೂರ ಹೋಗಿ ಬರೇ ಚಾಕಲೇಟ್ ತಿಂದು ಬಂದ್ರೇನು?" ಎಂದರು ಅತ್ತೆ, ಬಹಳ ಮರುಕದಿಂದ.

ಈ ಸಲ ಯಾರೂ ನಗಲಿಲ್ಲ. ನಾನು ಅಡುಗೆಮನೆಗೆ ಓಡಿದೆ. ಗೆಳತಿ ಹೋಳಿಗೆ ಬಿಸಿ ಮಾಡುತ್ತಿದ್ದಳು. "ನಿಮ್ಮ ಆಂಟಿ ಒಂಥರಾ ಅಲ್ವಾ?" ಎಂದಳು.

"ಪಾಪ, ಅವರಿಗೆ ಈಗೀಗ ಮರೆವಿನ ಕಾಯಿಲೆ ಶುರುವಾಗಿದೆ ಕಣೇ," ಎಂದೆ ನಾನು. ಹೇಗೆ ಬಂತು ಆ ಮಾತು? ಸಲೀಸಾಗಿ ಬಂತು. ಸಾಲದೆಂದು ಒಗ್ಗರಣೆಯನ್ನೂ ಹಾಕಿದೆ: "ನಮ್ಮ ಮನೆತನದಲ್ಲೇ ಇದೆ. ಅವರ ಅಕ್ಕನಿಗೂ ಹೀಗೇ ಆಗಿತ್ತು. ಏನೇನೋ ಮಾತಾಡ್ತಾರೆ, ನೀವ್ಯಾರೂ ಮನಸ್ಸಿಗೆ ಹಚ್ಕೋಬೇಡಿ."

ಅಕ್ಕನಿಗೆ ಆಗಿದ್ದು ನಿಜ. ನಮ್ಮ ದೊಡ್ಡ ಅತ್ತೆ ಕೊನೆಗೆ ತಮ್ಮ ಹೆಸರನ್ನೂ ಮರೆತಿದ್ದರು. ಆರು ವರ್ಷ ಅವರಿಗೆ ಉಣಿಸಿ, ಮೀಯಿಸಿ, ಬೀದಿಗೆ ಹೊರಟವರನ್ನು ಕೈಹಿಡಿದು ಕರೆತಂದವರು ಈ ನಮ್ಮ ಅತ್ತೆಯೇ.

ತಿರುಗಿ ನೋಡಿದರೆ ಬಾಗಿಲಲ್ಲಿ ಅವರು ಖಾಲಿ ಲೋಟ ಹಿಡಿದು ನಿಂತಿದ್ದರು. "ಒಂಚೂರು ಬಿಸಿನೀರು ಬೇಕಾಗಿತ್ತು," ಎಂದರು. ಅಷ್ಟೇ.

ಮರುದಿನ ಗರಾಜಿನ ಬಾಗಿಲು ಏಳಲಿಲ್ಲ. ಅತ್ತೆ ಪುಸ್ತಕವನ್ನು ಮಹಡಿಯ ತಮ್ಮ ಕೋಣೆಗೆ ಒಯ್ದರು. ನಿಧಿಗೆ ಪಾಠವೂ ಅಲ್ಲೇ, ಮೆಲುದನಿಯಲ್ಲಿ. ಸಿಟ್ಟಾಗಿದ್ದಾರೆ, ಇಳಿಯುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬೀದಿ ಸದ್ದಿಲ್ಲದಂತಾದದ್ದು ನನಗೆ ಹಿತವಾಗಿಯೇ ಇತ್ತು. ಆದರೆ ಬಚ್ಚಲುಮನೆಯಿಂದ ನೀರಿನ ಸದ್ದಿನ ಜೊತೆ ರಾಜರ ಹೆಸರುಗಳು ಕೇಳಿಸುತ್ತಿದ್ದವು. ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ, "ಮೊನ್ನೆ ಏನು ಪಲ್ಯಾ ಮಾಡಿದ್ವಿ? ತಡಿ, ಹೇಳಬ್ಯಾಡ, ನಾನಽ ಹೇಳ್ತೀನಿ," ಎನ್ನುತ್ತಿದ್ದರು. ಹೊಸ ಹುಚ್ಚು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಹೀಗೆ ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ತಿಂಡಿಗೆ ಕೂತಿದ್ದೆವು. ನಿಧಿ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಬಾಸ್ಕಿಂಗ್ ರಿಡ್ಜ್ ಗೆಳತಿಯ ಮಗಳು ಅವಳಿಗೆ ಮೆಸೇಜ್ ಕಳಿಸಿದ್ದಳು, ಅಜ್ಜಿ ಹೇಗಿದ್ದಾರೆ, ಕೇಳಿ ತುಂಬ ಬೇಜಾರಾಯಿತು ಎಂದು.

"ಅಮ್ಮಾ, ಡಿಡ್ ಯು ಟೆಲ್ ದೆಮ್ ಅಜ್ಜಿ ಈಸ್ ಲೂಸಿಂಗ್ ಹರ್ ಮೆಮೊರಿ? ಅಜ್ಜಿ? ಶೀ ನೋಸ್ ಎವ್ರಿ ಸಿಂಗಲ್ ಪೋಪ್!"

ನನ್ನ ಬಾಯಿಯಲ್ಲಿದ್ದ ಅವಲಕ್ಕಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅತ್ತೆ ಚಹದ ಬಟ್ಟಲನ್ನು ಕೆಳಗಿಟ್ಟರು.

"ಅದು ನಾನಽ ಹೇಳಿಸಿದ್ದು, ನಿಧೀ. ಅಲ್ಲೆ ಆ ಹೆಣ್ಣಮಕ್ಕಳು ನನ್ನ ಕಡೆಯಿಂದ ಹಾಡು ಹಾಡಸ್ಲಿಕ್ಕೆ ನಿಂತಿದ್ರು. ನನಗ ಹಾಡು ಬರ್ತದೇನು? ಮರವು ಅಂತ ಹೇಳಿಬಿಡು, ನನ್ನ ಪಾರು ಮಾಡು ಅಂದೆ ನಿಮ್ಮವ್ವಗ."

ನಿಧಿ ನಕ್ಕುಬಿಟ್ಟಳು. "ಅಜ್ಜಿ, ಯು ಆರ್ ಟೂ ಮಚ್!" ಎಂದು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅತ್ತೆ ಏನೂ ಆಗಿಲ್ಲ ಎನ್ನುವಂತೆ ಬಟ್ಟಲು ತೊಳೆದಿಟ್ಟು ಮಹಡಿ ಹತ್ತಿದರು. ನನ್ನ ಮಗಳ ಎದುರು ನನ್ನ ಮಾನ ಕಾಯಲು ಪರೀಕ್ಷೆ ಎಂದರೆ ಪ್ರಾಣ ಬಿಡುವ ಆ ಜೀವ ಸುಳ್ಳು ಹೇಳಿತ್ತು!

ಸ್ವಲ್ಪ ಹೊತ್ತು ಬಿಟ್ಟು ನಾನೂ ಹತ್ತಿದೆ. ಅವರು ಮಂಚದ ಮೇಲೆ ನೋಟ್‌ಬುಕ್ ತೆರೆದು ಕೂತಿದ್ದರು. ನನ್ನನ್ನು ಕಂಡು ಮುಚ್ಚಲು ಹೋದರು. ಆದರೆ ಅಷ್ಟರಲ್ಲಿ ನಾನು ಪುಟ ನೋಡಿಬಿಟ್ಟಿದ್ದೆ. ಅದು ನಿಧಿಯ ಪಾಠದ ಟಿಪ್ಪಣಿಯಾಗಿರಲಿಲ್ಲ. ನಲವತ್ತು ರಾಜರ ಹೆಸರು, ಪಕ್ಕದಲ್ಲಿ ಇಸವಿ, ಕೆಂಪು ಶಾಯಿಯಲ್ಲಿ ಸರಿ, ತಪ್ಪು. ಮೇಲೆ ತಾರೀಖು. ಪುಟ ತಿರುವಿದೆ. ದಿನಕ್ಕೊಂದು ಪುಟ. ನಲವತ್ತಕ್ಕೆ ಮೂವತ್ತೆಂಟು. ನಲವತ್ತಕ್ಕೆ ಮೂವತ್ತೊಂಬತ್ತು. ಒಂದು ದಿನ ಮೂವತ್ತಾರು ಬಂದಿತ್ತು. ಅದರ ಕೆಳಗೆ ಎರಡು ಗೆರೆ ಎಳೆದು, "ಅಕ್ಕನಿಗೆ ಮೊದಲು ಹೋದದ್ದು ಹೆಸರುಗಳು" ಎಂದು ಬರೆದಿದ್ದರು. ಮೊದಲ ಪುಟದ ತಾರೀಖು ಬಾಸ್ಕಿಂಗ್ ರಿಡ್ಜ್ ಊಟದ ಮರುದಿನದ್ದು.

"ಏನಿದು ಅತ್ಯಾ?"

ಅವರು ನನ್ನ ಮುಖ ನೋಡಲಿಲ್ಲ. "ನೀ ಹಂಗ ಅಂದಿ ಅಂದ್ರ ನಿನಗೇನೋ ಕಂಡಿರಬೇಕು ಅಂದ್ಕೊಂಡೆ. ಅಕ್ಕಗೂ ತನ್ನದು ತನಗ ತಿಳಿದಿರಲಿಲ್ಲ. ಮಂದಿಗಽ ಮೊದಲು ತಿಳೀತು. ನೀ ಹೆಂಗ ಹೇಳಬೇಕು ಪಾಪ, ನನ್ನ ಮುಂದ? ಅದಕ್ಕಽ ನಾನಽ ನೋಡ್ಕೊಳ್ಳಿಕ್ಕತ್ತೀನಿ."

ಹದಿನೈದು ದಿನ. ಹದಿನೈದು ದಿನ ಒಬ್ಬರೇ ಈ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಅಂಜುತ್ತ, ಸತ್ತ ರಾಜರನ್ನು ಎಣಿಸಿದ್ದರು. ಕೆಳಗೆ ನಾನು ಬೀದಿ ಹಿತವಾಗಿದೆ ಎಂದುಕೊಂಡು ಕಾಫಿ ಕುಡಿದಿದ್ದೆ.

ನೆಲದ ಮೇಲೆ, ಅವರ ಕಾಲ ಹತ್ತಿರ ಕೂತೆ. ಮಾತು ಬಂದದ್ದು ನಮ್ಮೂರಿನ ಬಾಯಿಯಲ್ಲೇ. "ನಿನಗ ಏನೂ ಆಗಿಲ್ಲ ಅತ್ಯಾ. ನಾ ಏನೂ ಕಂಡಿಲ್ಲ. ಸುಳ್ಳು ಹೇಳಿದೆ. ಅವರೆಲ್ಲರ ಮುಂದ ನಿನ್ನ ಸಲುವಾಗಿ ನನಗ ನಾಚಿಕಿ ಆಗಿತ್ತು. ಬರೇ ಅದಕ್ಕಽ."

ಬೈಯಲಿ ಎಂದು ಕಾದೆ. ಎದ್ದು ಪೆಟ್ಟಿಗೆ ಕಟ್ಟಲಿ ಎಂದೂ ಕಾದೆ. ಅತ್ತೆ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರು, ಸುಳ್ಳು ಇನ್ನೂ ಉಳಿದಿದೆಯೇ ಎಂದು ಹುಡುಕುವ ಹಾಗೆ. ಆಮೇಲೆ ಅವರ ಮುಖದ ತುಂಬ ನಗು ಹರಡಿ ಕಣ್ಣಿಂದ ನೀರು ಇಳಿಯಿತು.

"ನಾಚಿಕೀನಾ?" ಎಂದರು. "ಅಷ್ಟಽ ಏನು? ಬರೇ ನಾಚಿಕಿ?" ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಮತ್ತೆ ಮತ್ತೆ ಕೇಳಿದರು, ಅಷ್ಟು ದೊಡ್ಡ ಸಂತೋಷದ ಸುದ್ದಿಯನ್ನು ಅವರಿಗೆ ಯಾರೂ ಎಂದೂ ಹೇಳಿರಲಿಲ್ಲವೇನೋ ಎನ್ನುವ ಹಾಗೆ.